ನಾಲ್ಕು ಹಗ್ಗದ ಮೇಲೆ ಬಿ. ಸರೋಜಾದೇವಿ: ನನ್ನ ಅನುಭವ

"ಬಟ್ಟೆ ಒಣಗಿಸಿದ ಹಾಗೆ ಕಾಣುತ್ತೆ ಸಾರ್."

ನಟಿ ಬಿ. ಸರೋಜಾದೇವಿಯವರ ಚಿತ್ರಗಳ ಹಾಡಿನ ಪುಸ್ತಕಗಳನ್ನು (ಚಿತ್ರದ ಕಥೆ, ಹಾಡು ಅಚ್ಚು ಹಾಕಿದ ಸಣ್ಣ ಪುಸ್ತಕಗಳು) ಪ್ರಿಂಟ್ ತೆಗೆದು, ಹಗ್ಗಕ್ಕೆ ಕ್ಲಿಪ್ ಹಾಕಿ ನೇತು ಬಿಡೋದು ನನ್ನ ಪ್ರದರ್ಶನ. ಅದಕ್ಕೆ ಬಂದ ಮೊದಲ ಅಭಿಪ್ರಾಯ ಇದು. ಹೇಳಿದವರು ನನಗಿಂತ ದೊಡ್ಡ ಸಂಗ್ರಾಹಕರು. ಅವರ ಮನೆಯಲ್ಲಿ ಲಾಬಿ ಕಾರ್ಡೇ (ಟಾಕೀಸಿನ ಮುಂದೆ ಹಾಕ್ತಿದ್ದ ಚಿತ್ರದ ಫೋಟೊ ಕಾರ್ಡು) ಎರಡು ಬೀರು ತುಂಬ ಇದೆ. ಹೋದ ನವೆಂಬರ್‌ನಲ್ಲಿ ಚನ್ನಪಟ್ಟಣದಲ್ಲಿ ಅದೇ ಹಗ್ಗ, ಅದೇ ಕ್ಲಿಪ್ಪು ಹಾಕಿ ಮೂರು ದಿನ ನಿಲ್ಲಿಸಿದೆ. ಏನಿಲ್ಲ ಅಂದರೂ 1,800 ಜನ ನೋಡಿದರು. ಅವರೂ ಬಂದಿದ್ದರು. ಏನೂ ಮಾತಾಡಲಿಲ್ಲ, ಫೋಟೊ ಮಾತ್ರ ಹೊಡೆದುಕೊಂಡು ಹೋದರು. ಅದಕ್ಕೇ ಈಗ ಬರೆಯೋಣ ಅನ್ನಿಸಿತು. ಹಳೆ ಹಾಡಿನ ಪುಸ್ತಕ ಇಟ್ಟುಕೊಂಡವರು ನಿಮ್ಮಲ್ಲಿ ಸುಮಾರು ಜನ ಇದ್ದೀರಿ. ಸ್ಕ್ಯಾನರ್, ಫೈಲು, ನುಸಿ ಗುಳಿಗೆ ಇವೆಲ್ಲ ನಾನು ಹೇಳಿಕೊಡುವಂಥದ್ದಲ್ಲ. ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದುಕೊಂಡೆ, ಅದನ್ನು ಹೇಳ್ತೀನಿ.

ನನ್ನದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಸರೋಜಾದೇವಿಯವರ ಹುಚ್ಚು ನಮ್ಮ ತಂದೆಯಿಂದ ಬಂದದ್ದು. ಅವರು ಬಿಟ್ಟುಹೋದ ಟ್ರಂಕಿನಲ್ಲಿ ಹಾಡಿನ ಪುಸ್ತಕ ಮೂವತ್ತೋ ಮೂವತ್ತೈದೋ ಇದ್ದವು. ಅಲ್ಲಿಂದ ಶುರು ಮಾಡಿ ಈಗ ಸರೋಜಾದೇವಿಯವರದ್ದೇ 112 ಆಗಿದೆ. "161 ಇದೆಯಾ?" ಅಂತ ಎಲ್ಲರೂ ಕೇಳ್ತಾರೆ. 1955ರಿಂದ 1984ರವರೆಗೆ ಸತತ 161 ಚಿತ್ರಗಳಲ್ಲಿ ನಾಯಕಿ ಅನ್ನೋ ಮಾತು ಅಷ್ಟು ಹಬ್ಬಿದೆ. ನನ್ನ ಹತ್ತಿರ ಇಲ್ಲಪ್ಪ. ಇರೋದನ್ನು ಸರಿಯಾಗಿ ತೋರಿಸಿದರೆ ಸಾಕು ಅಂತ ಈಚೆಗೆ ಬುದ್ಧಿ ಬಂದಿದೆ.

ಮೊದಲು ಎಲ್ಲರ ಹಾಗೆ ಪಟ್ಟಿ ಮಾಡಿದೆ. ವರ್ಷ, ಚಿತ್ರ, ಭಾಷೆ, ನಾಯಕ, ನಿರ್ದೇಶಕ. 16 ಪುಟದ ಕಿರುಪುಸ್ತಕ ಮಾಡಿ 300 ಪ್ರತಿ ನಮ್ಮಲ್ಲೇ ಹೊಡೆಸಿದೆ. 40 ಹೋಯಿತು. ಉಳಿದದ್ದು ಅಂಗಡಿಯಲ್ಲಿ ಕಾಗದದ ಕೆಳಗೆ ಕೂತಿದೆ. ಪಟ್ಟಿಯನ್ನು ಯಾರೂ ಓದಲ್ಲ. ಓದಿದರೂ ಏನೂ ಗೊತ್ತಾಗಲ್ಲ. ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಒಂದರ ಕೆಳಗೊಂದು ಬೆರೆತು ಕೂತಿರುತ್ತೆ. ಒಬ್ಬ ಹೆಣ್ಣುಮಗಳು ಯಾವಾಗ ಯಾವ ಊರಿಗೆ ಹೋದಳು, ಯಾವಾಗ ವಾಪಸ್ ಬಂದಳು ಅನ್ನೋದು ಅದರಲ್ಲಿ ಕಾಣುವುದೇ ಇಲ್ಲ.

ಹಗ್ಗದ ಯೋಚನೆ ಬಂದದ್ದು ಮಳೆಯಿಂದ. 2017ರಲ್ಲಿ ನಮ್ಮ ಮನೆಯ ಅಟ್ಟ ಸೋರಿ ಟ್ರಂಕಿಗೆ ನೀರು ನುಗ್ಗಿತು. ನಾನು ಅಂಗಡಿಯಿಂದ ಬರುವ ಹೊತ್ತಿಗೆ ಮನೆಯವಳು ಒದ್ದೆ ಪುಸ್ತಕಗಳನ್ನೆಲ್ಲ ಟೆರೇಸಿನ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತು ಬಿಟ್ಟಿದ್ದಳು. "ಬೈಬೇಡಿ ರೀ, ತಮಿಳಿಂದು ಆ ಕಡೆ, ನಮ್ಮದು ಈ ಕಡೆ ಹಾಕಿದೀನಿ" ಅಂದಳು. ನೋಡಿದೆ. ತಮಿಳಿನ ಹಗ್ಗ ಭಾರಕ್ಕೆ ಜೋತು ಬಿದ್ದಿತ್ತು. ಕನ್ನಡದ ಹಗ್ಗ ನೆಟ್ಟಗಿತ್ತು. ಹತ್ತು ವರ್ಷ ಪಟ್ಟಿ ಬರೆದರೂ ಹೊಳೆಯದ್ದು ಅವತ್ತು ಟೆರೇಸಿನ ಮೇಲೆ ಒಂದೇ ನಿಮಿಷಕ್ಕೆ ಹೊಳೆಯಿತು.

ಮಾಡೋದು ಇಷ್ಟೇ. ಗೋಡೆಯುದ್ದಕ್ಕೆ ನಾಲ್ಕು ನೈಲಾನ್ ಹಗ್ಗ, ಒಂದೊಂದು ಭಾಷೆಗೆ ಒಂದೊಂದು. ಎಡಗಡೆ 1955, ಬಲಗಡೆ 1984. ವರ್ಷಕ್ಕೆ ಒಂದಡಿ ಜಾಗ, ಒಟ್ಟು 30 ಅಡಿ. ಎಲ್ಲ ಹಗ್ಗಕ್ಕೂ ಅದೇ ಅಳತೆ. ಒಂದೇ ವರ್ಷದಲ್ಲಿ ಮೂರು ನಾಲ್ಕು ಚಿತ್ರ ಬಂದಿದ್ದರೆ ಪಕ್ಕಪಕ್ಕ ಹಾಕಬಾರದು. ಒಂದರ ಬುಡಕ್ಕೆ ಇನ್ನೊಂದನ್ನು ಕಚ್ಚಿಸಿ ಕೆಳಕ್ಕೆ ಇಳಿಬಿಡಬೇಕು, ತೋರಣದ ಹಾಗೆ. ಆಗ ಯಾವ ವರ್ಷ ಯಾವ ಭಾಷೆಯಲ್ಲಿ ಎಷ್ಟು ಕೆಲಸ ಮಾಡಿದರು ಅನ್ನೋದು ದೂರದಿಂದಲೇ ಕಣ್ಣಿಗೆ ಬೀಳುತ್ತೆ. ಓದು ಬರಹ ಬರದವರಿಗೂ ಗೊತ್ತಾಗುತ್ತೆ.

ಬರೆದಾಗ ಸುಲಭ ಕಾಣುತ್ತೆ. ಮೊದಲ ಸಲ 2018ರಲ್ಲಿ ಒಂದು ಶಾಲೆಯ ಹಾಲಿನಲ್ಲಿ ಕಟ್ಟಿದಾಗ ಮೂಲ ಪುಸ್ತಕದ ಅಳತೆಯಲ್ಲೇ ಪ್ರಿಂಟ್ ತೆಗೆದಿದ್ದೆ. 1961, 62ಕ್ಕೆ ಬರುವಾಗ ತಮಿಳಿನ ತೋರಣ ಕೆಳಗಿನ ತೆಲುಗು ಹಗ್ಗವನ್ನೇ ಮುಚ್ಚಿತು. ಹಗ್ಗದ ಅಂತರ ಜಾಸ್ತಿ ಮಾಡಿದೆ. ಮೇಲಿನದು ಓದೋಕೆ ಕುತ್ತಿಗೆ ನೋವು ಬಂತು. ಅದರ ಮೇಲೆ ನಾಲ್ಕು ಸೀಲಿಂಗ್ ಫ್ಯಾನ್. ಯಾರೋ ಪುಣ್ಯಾತ್ಮರು ಸ್ವಿಚ್ ಹಾಕಿದರು. ಹತ್ತೇ ನಿಮಿಷದಲ್ಲಿ ಎಲ್ಲ ಕಾಗದ ತಿರುಗಿ ಹಿಂಬದಿ ತೋರಿಸ್ತಾ ನಿಂತವು. ಅವತ್ತು ಬಂದವರು 60 ಜನ. ಅದರಲ್ಲಿ 45 ಜನ ಮೇಷ್ಟ್ರು ಕಳಿಸಿದ ಮಕ್ಕಳು. ಖರ್ಚು ಸುಮಾರು 4,000, ಹುಟ್ಟಿದ್ದು ಸೊನ್ನೆ.

ಈಗ ನಾನು ಪೋಸ್ಟ್‌ಕಾರ್ಡ್ ಅಳತೆಗೆ ಇಳಿಸಿದ್ದೇನೆ. ಮೇಲಿನ ಹಗ್ಗ ಏಳಡಿ ಎತ್ತರ, ಅದು ಕನ್ನಡ. ಆಮೇಲೆ ತೆಲುಗು, ಹಿಂದಿ. ಎಲ್ಲಕ್ಕಿಂತ ಕೆಳಗೆ ತಮಿಳು, ನೆಲದ ತನಕ ಇಳಿಯೋಕೆ ಜಾಗ ಬೇಕಲ್ಲ. ಹಗ್ಗ ಜೋತು ಬೀಳದ ಹಾಗೆ ಆರಡಿಗೊಂದು ಮೊಳೆ. ಕಾಗದ ತಿರುಗದಿರೋಕೆ ಪ್ರತಿ ತೋರಣದ ತುದಿಗೆ ಒಂದು ಭಾರ ಕಟ್ಟುತ್ತೇನೆ. ಏನು ಕಟ್ಟುತ್ತೇನೆ ಅಂತ ಹೇಳಲ್ಲ. ಹೇಳಿದರೆ ನಗ್ತೀರಿ, ಆದರೆ ತುಂಬ ಚೆನ್ನಾಗಿ ನಿಲ್ಲುತ್ತೆ.

ನಿಜವಾದ ತಲೆನೋವು ಹಗ್ಗದ್ದಲ್ಲ, ವರ್ಷದ್ದು. ನಿಮಗೇ ಗೊತ್ತು, ಹಾಡಿನ ಪುಸ್ತಕದ ಮೇಲೆ ಇಸವಿ ಇರಲ್ಲ. ಕಥಾಸಾರಾಂಶ ಇರುತ್ತೆ, "ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ" ಅನ್ನೋ ಸಾಲಿಗೆ ನಿಲ್ಲುತ್ತೆ, ಹಾಡುಗಳಿರುತ್ತವೆ, ಹಿಂದೆ ಸೋಪಿನ ಜಾಹೀರಾತೋ ಬೀಡಿ ಜಾಹೀರಾತೋ ಇರುತ್ತೆ. ಇಸವಿ ಮಾತ್ರ ಇಲ್ಲ. ನಾನು ಹಿಡಿದ ದಾರಿ ಬೆಲೆ ಮತ್ತು ವಿಳಾಸ. ಅದನ್ನೂ "ಜ್ಯೋತಿಷ್ಯ" ಅಂತ ಆಡಿಕೊಂಡರು. ಆಡಿಕೊಳ್ಳಲಿ.

ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅಂತ ಒಂದು ಅಂದಾಜು. ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂದದ್ದು ಅವತ್ತು. ನ.ಪೈ. ಅಂತ ಇದ್ದರೆ ಅಲ್ಲಿಂದ 1964ರ ಜೂನ್ ತನಕ, ಆಮೇಲೆ 'ನಯಾ' ಕಳಚಿ ಬರೀ ಪೈಸೆ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರೂ ಗಮನಿಸದ್ದು ಒಂದಿದೆ. ಬೆಲೆ 12 ಅಥವಾ 19 ನ.ಪೈ. ಅಂತ ಸೊಟ್ಟಗಿದ್ದರೆ ಅದು ಎರಡಾಣೆ, ಮೂರಾಣೆಯನ್ನು ಹಾಗೇ ತಿರುಗಿಸಿದ್ದು. ಅಂದರೆ ಜನ ಇನ್ನೂ ಬಾಯಲ್ಲಿ ಆಣೆಯಲ್ಲೇ ವ್ಯಾಪಾರ ಮಾಡ್ತಿದ್ದ ಕಾಲ. 57, 58, 59ರ ಆಸುಪಾಸು. 15, 20 ಅಂತ ನೆಟ್ಟಗೆ ಕೂತ ಬೆಲೆ ಅದಕ್ಕಿಂತ ಈಚಿನದು. ಸರೋಜಾದೇವಿಯವರು ಕಾಲಿಟ್ಟದ್ದೇ 1955ರಲ್ಲಿ. ಹಾಗಾಗಿ ಅವರ ಮೊದಲ ಹತ್ತು ವರ್ಷದ ಪುಸ್ತಕಗಳನ್ನು ಈ ದುಡ್ಡಿನ ಲೆಕ್ಕವೇ ಮೂರು ಗುಡ್ಡೆ ಮಾಡಿಕೊಡುತ್ತೆ. ಬೇರೆ ಯಾವ ಕಾಲದ ನಟಿಗೂ ಇದು ಇಷ್ಟು ಚೆನ್ನಾಗಿ ಒದಗಲ್ಲ.

ಇನ್ನು ವಿಳಾಸ. ಹಂಚಿಕೆದಾರರ ವಿಳಾಸ "ಗಾಂಧಿನಗರ, ಬೆಂಗಳೂರು-9" ಅಂತ ಇದ್ದರೆ ಹಳೆಯದು. 560009 ಅಂತ ಆರಂಕಿ ಇದ್ದರೆ 1972ರ ಆಗಸ್ಟ್ 15ರ ಈಚಿನದು, ಪಿನ್‌ಕೋಡ್ ಬಂದದ್ದೇ ಅವತ್ತು. ಇದು ಗೊತ್ತಿಲ್ಲದೆ ನಾನು 1,400 ಕಳೆದುಕೊಂಡಿದ್ದೇನೆ. 1961ರ 'ಕಿತ್ತೂರು ಚೆನ್ನಮ್ಮ'ನ ಪುಸ್ತಕ ಅಂತ ಒಬ್ಬರು ಮಾರಿದರು. ಬಿ.ಆರ್. ಪಂತುಲು ಅವರ ಚಿತ್ರ, ರಾಷ್ಟ್ರಪ್ರಶಸ್ತಿ ಪಡೆದದ್ದು, ಯಾರಿಗೆ ಬೇಡ? ಮನೆಗೆ ತಂದು ಕನ್ನಡಕ ಹಾಕಿಕೊಂಡು ನೋಡಿದರೆ ಕೊನೆ ಪುಟದಲ್ಲಿ ಆರಂಕಿ ಪಿನ್‌ಕೋಡ್. ಚಿತ್ರ ಮತ್ತೆ ಬಿಡುಗಡೆ ಆದಾಗ ಹೊಡೆಸಿದ ಪುಸ್ತಕ. ವಾಪಸ್ ಕೊಡೋಕೆ ಹೋದರೆ "ಅಣ್ಣಾ, ನಾನು ಹಳೇದು ಅಂದೆ, ಮೊದಲ್ನೇದು ಅಂದ್ನಾ?" ಅಂದರು. ಬಾಯಿ ಮುಚ್ಚಿಕೊಂಡು ಬಂದೆ. ಹಗ್ಗದ ಮೇಲೆ ಅದು 1961ರಲ್ಲೇ ನೇತಾಡುತ್ತೆ, ಆದರೆ ಮೂಲೆಯಲ್ಲಿ ಕೆಂಪು ಚುಕ್ಕೆ ಹಾಕಿದ್ದೇನೆ. ಈ ಥರ ಚುಕ್ಕೆ ಇರೋದು 14 ಇವೆ.

ಲ್ಯಾಮಿನೇಷನ್ ಕಥೆ ಹೇಳಲೇಬೇಕು, ನಾಚಿಕೆ ಆದರೂ. 2018ರ ಆ ಶೋ ಆದ ಮೇಲೆ ಕಾಗದ ಹಾಳಾಗಬಾರದು ಅಂತ 11 ಮೂಲ ಪುಸ್ತಕಗಳನ್ನೇ, ಜೆರಾಕ್ಸ್ ಅಲ್ಲ, ಮೂಲವನ್ನೇ ಪಿನ್ನು ಬಿಚ್ಚಿ ಬಿಸಿ ಲ್ಯಾಮಿನೇಷನ್‌ಗೆ ಕೊಟ್ಟೆ. ಮೆಷಿನ್ ನಮ್ಮ ಅಂಗಡಿಯದ್ದೇ. ಸುಟ್ಟ ಹಪ್ಪಳದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಈಚೆ ಬಂದವು. ಎರಡರಲ್ಲಿ ಶಾಯಿ ಅಂಟಿಗೆ ಹತ್ತಿ ಅಕ್ಷರ ಮಂಕಾಯಿತು. ಅದರಲ್ಲಿ ನಮ್ಮ ತಂದೆ ಪೆನ್ಸಿಲ್‌ನಲ್ಲಿ ಟಾಕೀಸಿನ ಹೆಸರು ಬರೆದಿಟ್ಟ ಒಂದು ಪುಸ್ತಕವೂ ಇತ್ತು. ಇವತ್ತಿಗೂ ಆ ಫೈಲು ತೆಗೆಯಲ್ಲ. ದಯವಿಟ್ಟು ಮೂಲವನ್ನು ಯಾವ ಮೆಷಿನ್‌ಗೂ ಕೊಡಬೇಡಿ. ಸೆಲ್ಲೋಟೇಪ್ ಕೂಡ ಬೇಡ. ಹರಿದದ್ದಕ್ಕೆ ನಾನು ಮೈದಾ ಅಂಟು ಹಾಕಿದ್ದೆ, ಬೆಳ್ಳಿಹುಳ ಹಬ್ಬ ಮಾಡಿದವು. ಈಗ ಬೇರೆ ಅಂಟು, ಬೇರೆ ಕಾಗದ. ಅದನ್ನು ಕಲಿಯೋಕೆ ನನಗೆ ಮೂರು ವರ್ಷ ಹಿಡಿದಿದೆ, ಬೇಕಾದವರು ಅಂಗಡಿಗೆ ಬಂದು ಕಾಫಿ ಕುಡಿಸಿ ಕೇಳಿ.

ಎರಡನೇ ಪ್ರದರ್ಶನ 2019ರಲ್ಲಿ, ಒಂದು ಸಂಘದವರು ಕರೆದರು. ಫ್ಯಾನಿನ ಕಾಟ ಇಲ್ಲ, ಜನವೂ ಪರವಾಗಿಲ್ಲ, 200 ಇದ್ದಿರಬಹುದು. ಆದರೆ ಮರ್ಯಾದೆ ಹೋಯಿತು. ಒಬ್ಬರು ವಯಸ್ಸಾದ ಹೆಂಗಸು, ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲಂತೆ, ತಮಿಳು ಹಗ್ಗದ ಹತ್ತಿರ ನಿಂತು "ಇದು ನಮ್ಮ ಸರೋಜಾ ಅಲ್ಲ ಕಣಪ್ಪ, ಇವಳು ಇ.ವಿ. ಸರೋಜಾ, ಡ್ಯಾನ್ಸ್ ಮಾಡೋಳು" ಅಂದರು. ನನಗೆ ತಮಿಳು ಓದೋಕೆ ಬರಲ್ಲ. 'ಸರೋಜಾ' ಅನ್ನೋ ಮೂರಕ್ಷರದ ಆಕಾರ ಮಾತ್ರ ಗುರುತಿಟ್ಟುಕೊಂಡಿದ್ದೆ. ನಾಲ್ಕು ಪುಸ್ತಕ ಹಾಗೆ ತಪ್ಪಾಗಿ ಸೇರಿದ್ದವು. ಅಲ್ಲೇ ಕಳಚಿ ಜೇಬಿಗೆ ಹಾಕಿಕೊಂಡೆ. ಹಿಂದಿ ಹಗ್ಗದಲ್ಲೂ ಒಂದು ಎಡವಟ್ಟು. ಶ್ರೀಧರ್ ಅವರ 'ಕಲ್ಯಾಣ ಪರಿಸು' 1959ರ ತಮಿಳು ಚಿತ್ರ, ಅದೇ ತೆಲುಗಿನಲ್ಲಿ 'ಪೆಳ್ಳಿ ಕಾನುಕ' ಆದಾಗ ಅದರಲ್ಲೂ ಸರೋಜಾದೇವಿ. ಹಾಗಾದರೆ ಹಿಂದಿಯ 'ನಜರಾನಾ'ದಲ್ಲೂ ಅವರೇ ಅಂತ ನೋಡದೆ ನೇತು ಹಾಕಿದ್ದೆ. ಅಲ್ಲಿ ವೈಜಯಂತಿಮಾಲಾ! ಮುಖಪುಟದಲ್ಲೇ ಮುಖ ಇದೆ, ನಾನು ಮುಖ ನೋಡದೆ ಪಟ್ಟಿ ನೋಡಿದ್ದೆ. ಅವತ್ತು ಸಂಘದವರು ಒಂದು ಶಾಲು ಹೊದಿಸಿ 1,500 ಕೊಟ್ಟರು. ಟೆಂಪೋ ಬಾಡಿಗೆಗೇ 1,200 ಹೋಯಿತು.

ಆಮೇಲೆ ಕೊರೋನಾ. ಅಂಗಡಿ ಬಾಗಿಲು ಹಾಕಿ ಕೂತಾಗ ಕೈ ಸುಮ್ನೆ ಇರಬೇಕಲ್ಲ. ಅಡ್ಡದಾರಿಯ ಪ್ರಯೋಗಗಳು ಶುರುವಾದವು. ಜೆರಾಕ್ಸ್ ಪ್ರತಿ ತೀರಾ ಬೆಳ್ಳಗೆ ಕಾಣುತ್ತೆ ಅಂತ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆ. ಬಣ್ಣ ಹದವಾಗಿ ಬಂತು, ಆದರೆ ಮನೆ ತುಂಬ ಇರುವೆ. ಯಾಕೆ ಅಂದರೆ ನಾನು ಅದ್ದಿದ್ದು ಸಕ್ಕರೆ ಹಾಕಿದ ಚಹಾದಲ್ಲಿ. ಸಕ್ಕರೆ ಇಲ್ಲದೆ ಮಾಡಿದೆ, ಇರುವೆ ಇಲ್ಲ, ಆದರೆ ನೋಡಿದವರು "ಮೂಲ ಪ್ರತಿ ಮಾರ್ತೀರಾ?" ಅಂತ ಶುರು ಮಾಡಿದರು. ಮೋಸ ಮಾಡಿದ ಹಾಗಾಗುತ್ತೆ ಅಂತ ಬಿಟ್ಟೆ. ಇನ್ನೊಂದು ಸಲ ಹಳೆ ಎಲ್‌ಪಿ, 78ರ ಗ್ರಾಮಫೋನ್ ಪ್ಲೇಟುಗಳಿಂದ ಹಾಡು ತೆಗೆದು ಪ್ರತಿ ಹಗ್ಗದ ಹತ್ತಿರ ಒಂದು ಸಣ್ಣ ಸ್ಪೀಕರ್ ಇಟ್ಟೆ. ಜನ ಸ್ಪೀಕರ್ ಹತ್ತಿರ ಗುಂಪು ಕಟ್ಟಿಕೊಂಡು ನಿಂತೇ ಬಿಟ್ಟರು. ಯಾರೂ ನಡೆಯಲಿಲ್ಲ. ಈ ಪ್ರದರ್ಶನದ ಜೀವ ಇರೋದೇ ನಡೆಯೋದರಲ್ಲಿ. ಎಡದಿಂದ ಬಲಕ್ಕೆ 30 ಅಡಿ ನಡೆದರೆ 30 ವರ್ಷ. ಸ್ಪೀಕರ್ ತೆಗೆದೆ.

ಒಂದು ಪ್ರಯೋಗ ಮಾತ್ರ ನನಗೆ ತುಂಬ ಇಷ್ಟ. ಅವರ ತಾಯಿ ರುದ್ರಮ್ಮನವರು ಮಗಳಿಗೆ ಹಾಕಿದ್ದ ಷರತ್ತು ನಿಮಗೂ ಗೊತ್ತಿರುತ್ತೆ. ಈಜುಡುಗೆ ಇಲ್ಲ, ತೋಳಿಲ್ಲದ ರವಿಕೆ ಇಲ್ಲ. ಸಂದರ್ಶನದಲ್ಲಿ ಎಲ್ಲರೂ ಏನೇನೋ ಹೇಳ್ತಾರೆ, ಕಾಗದ ಏನು ಹೇಳುತ್ತೆ ನೋಡೋಣ ಅಂತ ನನ್ನ ಹತ್ತಿರ ಇರುವ ಸ್ಟಿಲ್ಲು, ಲಾಬಿ ಕಾರ್ಡು, ಪುಸ್ತಕದ ಮುಖಪುಟ ಎಲ್ಲ ಹರಡಿಕೊಂಡು ತೋಳು ಎಣಿಸಿದೆ. ನೂರ ನಲವತ್ತು ಚಿಲ್ಲರೆ ಚಿತ್ರ. ಮೊಣಕೈ ತನಕ ಬರೋ ತೋಳು ಇದೆ, ಪಫ್ ಇದೆ, ಅರವತ್ತರ ಬಿಗಿ ತೋಳು ಇದೆ. ತೋಳಿಲ್ಲದ್ದು ಒಂದೂ ಸಿಗಲಿಲ್ಲ. ಆ ಕಾಲದ ಹಿಂದಿ, ತಮಿಳು ಚಿತ್ರಗಳಲ್ಲಿ ಬೇರೆಯವರು ಏನು ಉಡ್ತಿದ್ದರು ಅಂತ ಗೊತ್ತಿದ್ದವರಿಗೆ ಇದು ಎಷ್ಟು ಗಟ್ಟಿ ಹಟ ಅಂತ ಅರ್ಥ ಆಗುತ್ತೆ. ಅದರಿಂದ ಕೈಬಿಟ್ಟು ಹೋದ ಪಾತ್ರ ಇದ್ದವೋ ಏನೋ, ಆದರೆ ತಾಯಿ ಎಳೆದ ಗೆರೆ ಮಗಳು ದಾಟಲಿಲ್ಲ. ಇದನ್ನೂ ಒಂದು ಹಲಗೆ ಮೇಲೆ ತೋಳಿನ ಭಾಗ ಮಾತ್ರ ಕತ್ತರಿಸಿ ಅಂಟಿಸಿ ಇಟ್ಟೆ. ಚನ್ನಪಟ್ಟಣದಲ್ಲಿ ದರ್ಜಿಗಳೇ ಗುಂಪಾಗಿ ಬಂದು ನೋಡಿದರು.

ಹಗ್ಗ ತೋರಿಸಿದ್ದೇನು ಅಂತ ಈಗ ಹೇಳ್ತೀನಿ.

ನಾಲ್ಕು ಹಗ್ಗ ಒಟ್ಟಿಗೆ ಶುರುವಾಗಲ್ಲ. 1955ರಲ್ಲಿ ಕನ್ನಡದ ಹಗ್ಗದಲ್ಲಿ 'ಮಹಾಕವಿ ಕಾಳಿದಾಸ' ಒಂದೇ. ಹಾಡು ಹೇಳುತ್ತಿದ್ದ ಹುಡುಗಿಯನ್ನು ಹೊನ್ನಪ್ಪ ಭಾಗವತರು ಗುರುತಿಸಿ ಕರೆದುಕೊಂಡು ಬಂದದ್ದು. ಪೊಲೀಸ್ ಇಲಾಖೆಯ ಭೈರಪ್ಪನವರ ಮಗಳು, ಆಗ 17 ವರ್ಷ. ಎರಡಡಿ ಈಚೆ ಬಂದರೆ 1957, ತೆಲುಗು ಮತ್ತು ತಮಿಳು ಶುರು. ತೆಲುಗಿನಲ್ಲಿ 'ಪಾಂಡುರಂಗ ಮಹಾತ್ಮ್ಯಂ'. ತಮಿಳಿನಲ್ಲಿ ಪಂತುಲು ಅವರ 'ತಂಗಮಲೈ ರಹಸ್ಯಂ', ಅದರಲ್ಲಿ ಒಂದು ಕುಣಿತ. ಒಂದೇ ಅಡಿ ಈಚೆಗೆ ಬನ್ನಿ. 1958, 'ನಾಡೋಡಿ ಮನ್ನನ್'. ಎಂಜಿಆರ್ ತಾವೇ ದುಡ್ಡು ಹಾಕಿ ತಾವೇ ನಿರ್ದೇಶಿಸಿದ ಚಿತ್ರ. ಮೊದಲ ಭಾಗ ಭಾನುಮತಿಯವರದ್ದು, ಸರೋಜಾದೇವಿ ಬರುವ ಭಾಗ ಬಣ್ಣದಲ್ಲಿ. ಒಂದು ವರ್ಷದಲ್ಲಿ ಕುಣಿತದಿಂದ ನಾಯಕಿ. ಅಲ್ಲಿಂದ ಎಂಜಿಆರ್ ಜೊತೆಗೇ 26 ಚಿತ್ರ. ಅದೇ 1958ರಲ್ಲಿ ಮೇಲಿನ ಹಗ್ಗದಲ್ಲಿ ನಮ್ಮ 'ಸ್ಕೂಲ್ ಮಾಸ್ಟರ್' ಇದೆ, ಅದರಲ್ಲಿ ಮುಖ್ಯ ಜೋಡಿ ಪಂತುಲು ಮತ್ತು ಎಂ.ವಿ. ರಾಜಮ್ಮ. ಅಂದರೆ ಕನ್ನಡದಲ್ಲಿ ಇನ್ನೂ ಮಗಳ ವಯಸ್ಸಿನ ಪಾತ್ರ, ತಮಿಳಿನಲ್ಲಿ ಆಗಲೇ ರಾಜಕುಮಾರಿ. ಮೇಲೆ ಕೆಳಗೆ ನೇತು ಹಾಕಿದಾಗ ಮಾತ್ರ ಇದು ಕಾಣುತ್ತೆ.

1959ಕ್ಕೆ ಹಿಂದಿ ಶುರು, ದಿಲೀಪ್ ಕುಮಾರ್ ಜೊತೆ 'ಪೈಗಾಮ್'. ಅದೇ ಕಥೆ ಮರುವರ್ಷ ತಮಿಳಿನಲ್ಲಿ 'ಇರುಂಬು ತಿರೈ', ಅದರಲ್ಲೂ ಇವರು. ಈ ಥರ ಎರಡು ಭಾಷೆಗೆ ಹರಿದ ಚಿತ್ರಗಳಿಗೆ ನಾನು ಹಗ್ಗದಿಂದ ಹಗ್ಗಕ್ಕೆ ಅರಿಶಿನ ದಾರ ಎಳೆದಿದ್ದೇನೆ. 1964ರಲ್ಲಿ ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ', ಕನ್ನಡದ ಮೊದಲ ಪೂರ್ಣ ವರ್ಣಚಿತ್ರ. ತೆಲುಗಿಗೂ ಒಂದು ದಾರ ಹೋಗುತ್ತೆ. ಕನ್ನಡದಲ್ಲಿ ಕಲ್ಯಾಣ್ ಕುಮಾರ್, ತೆಲುಗಿನಲ್ಲಿ ನಾಗೇಶ್ವರರಾವ್, ಶಿಲ್ಪಿ ಬದಲಾದರೂ ನಾಯಕಿ ಅದೇ.

ಇನ್ನು ಎಲ್ಲರೂ ಹೇಳುವ ಮಾತು, ಮದುವೆ ಆದ ಮೇಲೆ ನಾಯಕಿಯ ಕಥೆ ಮುಗೀತು ಅಂತ. ಸರೋಜಾದೇವಿಯವರ ಮದುವೆ 1967ರಲ್ಲಿ, ಇಂಜಿನಿಯರ್ ಶ್ರೀಹರ್ಷ ಅವರ ಜೊತೆ. ನಾನೂ ಹಾಗೇ ಅಂದುಕೊಂಡಿದ್ದೆ. ಹಗ್ಗ ಬೇರೆಯೇ ಹೇಳಿತು. 1967ರ ಆಚೆ ತಮಿಳಿನ ತೋರಣ ಗಿಡ್ಡ ಆಗ್ತಾ ಹೋಗುತ್ತೆ, ಅದು ನಿಜ. ಮೇಲೆ ಕನ್ನಡದ ಹಗ್ಗ ನೋಡಿ. 1969ರಲ್ಲಿ 'ಮಲ್ಲಮ್ಮನ ಪವಾಡ'. 1971ರಲ್ಲಿ 'ನ್ಯಾಯವೇ ದೇವರು'. 1974ರಲ್ಲಿ 'ಶ್ರೀನಿವಾಸ ಕಲ್ಯಾಣ'. 1976ರಲ್ಲಿ 'ಕಥಾಸಂಗಮ'ದ ಮೂರು ಕಥೆಗಳಲ್ಲಿ ಒಂದು. 1977ರಲ್ಲಿ 'ಬಭ್ರುವಾಹನ', 'ಭಾಗ್ಯವಂತರು'. ಪದ್ಮಶ್ರೀ ಬಂದದ್ದೂ 1969ರಲ್ಲೇ. ಮುಗಿದದ್ದಲ್ಲ, ಮನೆಗೆ ಬಂದದ್ದು. ಮದ್ರಾಸಿನಲ್ಲಿ ದುಡಿದು ಹೆಸರು ಮಾಡಿದ ಮಗಳು ತವರಿಗೆ ಬಂದ ಹಾಗೆ. ಈ ಒಂದು ಸಂಗತಿಗೋಸ್ಕರವೇ ಹಗ್ಗ ಕಟ್ಟಬಹುದು ಅನ್ನೋದು ನನ್ನ ವಾದ. ನನ್ನ ಹತ್ತಿರ ಇಲ್ಲದ ಪುಸ್ತಕಗಳನ್ನು ಸೇರಿಸಿದರೆ ತೋರಣದ ಉದ್ದ ಬದಲಾಗಬಹುದು, ಅಂದಾಜಿನ ಆಕಾರ ಬದಲಾಗಲ್ಲ.

1984ರಲ್ಲಿ ಹಗ್ಗ ಮುಗಿಯುವ ಕಡೆ 'ಯಾರಿವನು' ಇದೆ. ಅದರಲ್ಲಿ ರಾಜ್‌ಕುಮಾರ್ ಜೊತೆ ಮಾಸ್ಟರ್ ಲೋಹಿತ್, ಅಂದರೆ ನಮ್ಮ ಪುನೀತ್. ಅಲ್ಲಿಂದ ಹಗ್ಗ ಖಾಲಿ ಬಿಟ್ಟು ಆರಡಿ ದೂರದಲ್ಲಿ ಒಂದೇ ಒಂದು ಕಾಗದ ಹಾಕಿದ್ದೇನೆ, 2019ರ 'ನಟಸಾರ್ವಭೌಮ', ಅದೇ ಪುನೀತ್ ಜೊತೆ. ಆ ಎರಡು ಕಾಗದದ ಮಧ್ಯೆ ಜನ ಜಾಸ್ತಿ ಹೊತ್ತು ನಿಲ್ತಾರೆ. ನಾನು ಅಲ್ಲಿ ಏನೂ ವಿವರಣೆ ಕೊಡಲ್ಲ.

2025ರ ಜುಲೈ 14ಕ್ಕೆ ಮಲ್ಲೇಶ್ವರದ ಮನೆಯಲ್ಲಿ ಅವರು ತೀರಿಕೊಂಡರು, 87 ವರ್ಷ. ಕಣ್ಣು ದಾನ ಮಾಡಿದ್ದರು. ಮಣ್ಣಾದದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ, ಸರ್ಕಾರಿ ಗೌರವದೊಂದಿಗೆ. ಆಮೇಲೆ ಎಲ್ಲ ಕಡೆ ನೆನಪಿನ ಕಾರ್ಯಕ್ರಮಗಳು. ರಾಜ್ಯೋತ್ಸವಕ್ಕೆ ಚನ್ನಪಟ್ಟಣದಲ್ಲಿ ಏನಾದರೂ ಮಾಡೋಣ ಅಂತ ಕೆಲವರು ಸೇರಿದರು, ನನ್ನನ್ನೂ ಕರೆದರು. ಸಭೆಯಲ್ಲಿ ಎಲ್ಲರೂ ಎಲ್‌ಇಡಿ ಪರದೆ, ಆರ್ಕೆಸ್ಟ್ರಾ ಅಂದರು. ಪರದೆಗೆ ದಿನಕ್ಕೆ 35,000 ಅಂತ ಕೊಟೇಶನ್ ಬಂತು. ನಾನು ಮೂರು ದಿನಕ್ಕೆ 15,000 ಕೊಡಿ ಸಾಕು ಅಂದೆ. ಕಲೆಗಾಗಿ ಅಲ್ಲ, ದುಡ್ಡು ಉಳಿಯುತ್ತೆ ಅಂತ ಒಪ್ಪಿದರು.

ಹಿಂದಿನ ದಿನ ರಾತ್ರಿ ಒಂದು ತಕರಾರು. ಒಬ್ಬ ಮುಖಂಡರು ಬಂದು ನೋಡಿ, "ಏನ್ರೀ ಇದು, ರಾಜ್ಯೋತ್ಸವದಲ್ಲಿ ತಮಿಳಿನ ತೋರಣವೇ ಉದ್ದ ಇದೆಯಲ್ಲ? ಅರ್ಧ ತೆಗೀರಿ" ಅಂದರು. ತೆಗೆದರೆ ಮಾಡಿದ್ದೆಲ್ಲ ಸುಳ್ಳಾಗುತ್ತೆ. ನಾನು ವಾದ ಮಾಡಲಿಲ್ಲ. "ಅಣ್ಣಾ, ಇಷ್ಟುದ್ದ ಕೆಲಸ ಮಾಡಿದರೂ ತಮಿಳರು ಇವರನ್ನು ಏನಂತ ಕರೆದರು ಗೊತ್ತಾ? ಕನ್ನಡತ್ತು ಪೈಂಗಿಳಿ. ಕನ್ನಡದ ಗಿಣಿ ಅಂತ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ದೊಡ್ಡದಾಗಿ ಬರೆದು ಹಾಕ್ರಿ ಮತ್ತೆ" ಅಂತ ಹೇಳಿ ಹೋದರು. ಬೆಳಿಗ್ಗೆ ಐದಕ್ಕೆ ಎದ್ದು ಅಂಗಡಿಯಲ್ಲಿ ಆ ಬ್ಯಾನರ್ ಹೊಡೆದೆ. ಎಡಗಡೆ 'ಅಭಿನಯ ಸರಸ್ವತಿ', ಬಲಗಡೆ 'ಕನ್ನಡತ್ತು ಪೈಂಗಿಳಿ'.

ಎರಡನೇ ದಿನ ಹಳ್ಳಿಯಿಂದ ಒಂದು ಅಜ್ಜಿ ಬಂದಿತ್ತು. ಓದು ಬರಲ್ಲ. ಹಗ್ಗದ ಕೆಳಗೆ ನಡೆದುಕೊಂಡು ಹೋಗಿ 1961ರ ಹತ್ತಿರ ನಿಂತು ತಮಿಳಿನ ತೋರಣವನ್ನು ಮೇಲಿಂದ ಕೆಳಕ್ಕೆ ಬೆರಳಲ್ಲಿ ಎಣಿಸಿತು. ಆಮೇಲೆ "ಈ ವರ್ಸ ಈ ಮಗ ಮನೇಲಿ ಉಂಡಿಲ್ಲ ಬಿಡಪ್ಪ" ಅಂತು. ಒಂಬತ್ತು ವರ್ಷದಲ್ಲಿ ನನ್ನ ಹಗ್ಗವನ್ನು ಇಷ್ಟು ಸರಿಯಾಗಿ ಓದಿದವರು ಇನ್ನೊಬ್ಬರಿಲ್ಲ.

ಲೆಕ್ಕ ಕೇಳ್ತೀರಿ ಅಂತ ಗೊತ್ತು. ಬಾಯಿಲೆಕ್ಕ ಹೇಳ್ತೀನಿ. ಪುಸ್ತಕಗಳಿಗೆ ಇಲ್ಲಿಯ ತನಕ 46,000ದಿಂದ 50,000. ಮೊದಲು 50, 100ಕ್ಕೆ ಸಿಗ್ತಿದ್ದವು, ಅವರು ಹೋದ ಮೇಲೆ ಅದೇ ಪುಸ್ತಕಕ್ಕೆ 800 ಹೇಳ್ತಾರೆ. ಸ್ಕ್ಯಾನರ್ 9,000, ಎರಡನೇ ಕೈಯದ್ದು. ಪ್ರಿಂಟು ನಮ್ಮಲ್ಲೇ, ಕಾಗದ ಶಾಯಿ ಸೇರಿ 3,000. ಹಗ್ಗ, ಮೊಳೆ, ಕ್ಲಿಪ್ಪು ಎಲ್ಲ ಸೇರಿ 1,500 ದಾಟಿಲ್ಲ. ಸುಟ್ಟ 11 ಪುಸ್ತಕದ ಬೆಲೆ ಕಟ್ಟೋಕೆ ಮನಸ್ಸಿಲ್ಲ. ಬಂದದ್ದು 1,500 ಮತ್ತು 15,000, ಮೇಲೆ ಹುಂಡಿಯಲ್ಲಿ 3,200. ಲಾಭ ಅಂತ ಮಾಡೋ ಕೆಲಸ ಅಲ್ಲ ಇದು. ಆದರೂ ಈಗ ಎರಡು ಊರಿಂದ ಕರೆ ಬಂದಿದೆ, ಎರಡೂ ಕಡೆ 20,000 ಅಂದಿದ್ದೇನೆ. ಪುಸ್ತಕ ಎಲ್ಲಿಂದ ತರ್ತೀರಿ ಅಂತ ಮಾತ್ರ ಕೇಳಬೇಡಿ. ಬೆಂಗಳೂರಲ್ಲಿ ಒಂದು, ಚೆನ್ನೈಯಲ್ಲಿ ಒಂದು ಜಾಗ ಇದೆ. ಹೇಳಿದರೆ ಮುಂದಿನ ವಾರ ನನಗೇ ಸಿಗಲ್ಲ.

ಮುಂದಿನದು ಪಂಢರಿಬಾಯಿಯವರದ್ದು ಮಾಡಬೇಕು ಅಂತಿದೆ. ಭಟ್ಕಳದ ಹೆಣ್ಣುಮಗಳು, 1943ರ 'ವಾಣಿ'ಯಿಂದ ಶುರು. 'ಬೇಡರ ಕಣ್ಣಪ್ಪ'ನಲ್ಲಿ ರಾಜ್‌ಕುಮಾರ್‌ಗೆ ನಾಯಕಿ, 'ಪರಾಶಕ್ತಿ'ಯಲ್ಲಿ ಶಿವಾಜಿ ಗಣೇಶನ್‌ಗೆ ನಾಯಕಿ. ಆಮೇಲೆ ಅವರಿಗೇ ತಾಯಿ! ಅದಕ್ಕೆ ಭಾಷೆಗೊಂದು ಹಗ್ಗ ಸಾಲದು, ನಾಯಕಿಗೊಂದು ತಾಯಿಗೊಂದು ಬೇರೆ ಹಗ್ಗ ಬೇಕು ಅನ್ನಿಸುತ್ತೆ. ಆಣೆ ಕಾಲದ ಪುಸ್ತಕಗಳೇ ಜಾಸ್ತಿ, ನನ್ನ ಬೆಲೆಯ ಲೆಕ್ಕ ಅಷ್ಟು ಒದಗಲ್ಲ. ನೋಡೋಣ.

ಮೂರನೇ ದಿನ ರಾತ್ರಿ ಎಲ್ಲ ಬಿಚ್ಚಿ ಟೆಂಪೋಗೆ ತುಂಬಿದೆವು. ಕಾಗದ 112 ಸರಿ ಇತ್ತು, ತೋಳಿನ ಹಲಗೆ ಸರಿ ಇತ್ತು. ಮನೆಯವಳು ಕ್ಲಿಪ್ಪಿನ ಡಬ್ಬಿ ಎಣಿಸಿ, "ರೀ, 38 ಕಮ್ಮಿ ಇದೆ, ನಾಳೆ ಬಟ್ಟೆಗೆ ಏನು ಹಾಕಲಿ?" ಅಂದಳು.